ಅಮಲ್ದಾರರ ಚೆಂಡು, ಕೆಂಚಮ್ಮನ ಹುರುಳಿ

ಕೆಂಚಮ್ಮ: ಇಪ್ಪತ್ಮೂರು ಐತೆ ಬುದ್ಧಿ. ಬೇಕಾದ್ರೆ ಎಣಿಸ್ಕಳಿ.

ಶಾನುಭೋಗ: ಸಾಹೇಬರ ಚೆಂಡು ಎಣಿಸೋಕೆ ನೀನ್ಯಾರೇ?

ಕೆಂಚಮ್ಮ: ನನ್ನ ಹೊಲದಾಗೆ ಬಿದ್ದಿದ್ದನ್ನ ನಾನಲ್ದೆ ಇನ್ಯಾರು ಎಣಿಸ್ತಾರೆ ರಾಯ್ರೆ? ನೀವು ಬಂದಿದ್ರೆ ನಿಮ್ಗೇ ಬುಡ್ತಿದ್ದೆ.

ಅಮಲ್ದಾರ: ಎಣಿಸಲಿ ಬಿಡಿ. ನಿನ್ನೆ ಸಂಜೆಯದೂ ಸೇರಿದೆಯೇನಮ್ಮ?

ಕೆಂಚಮ್ಮ: ಎಲ್ಲಾ ಸೇರೈತೆ. ಒಂದನ್ನ ನಮ್ಮೆಮ್ಮೆ ಮೆಟ್ಟಿತ್ತು. ತೊಳ್ದು ತಂದಿವ್ನಿ.

ಮಡಿಲು ಬಿಚ್ಚಿದಳು. ಬಿಳಿ ಚೆಂಡುಗಳು ಹುಲ್ಲಿನ ಮೇಲೆ ಉರುಳಿದವು. ಕಾರ್ತಿಕದ ಬೆಳಿಗ್ಗೆ, ಮಧುಗಿರಿ ಬೆಟ್ಟದ ಬುಡದ ಗೋಮಾಳ. ಅಮಲ್ದಾರ್ ನಂದೀಶ್ವರಯ್ಯ, ಬಿ.ಎ., ಬೆಂಗಳೂರಿನಿಂದ ತರಿಸಿದ ಗಾಲ್ಫ್ ಕೋಲನ್ನು ಊರಿಕೊಂಡು ನಿಂತಿದ್ದರು. ಸೋಮವಾರ ಡೆಪ್ಯುಟಿ ಕಮಿಷನರ್ ಸಾಹೇಬರ ಸವಾರಿ ಬರುವುದಿತ್ತು. ಅವರಿಗೆ ಈ ಆಟವೆಂದರೆ ಪ್ರಾಣ. "ನಿಮ್ಮೂರಿನಲ್ಲಿ ಬಾರಿಸಲು ಜಾಗವುಂಟೋ?" ಎಂದು ಅವರು ಒಂದು ಮಾತು ಬರೆದು ಕೇಳಿದ್ದೇ ತಡ, ಅಮಲ್ದಾರರು ಗೋಮಾಳದಲ್ಲಿ ನಿಂತು ಹೊಡೆಯುವ ಜಾಗಕ್ಕೊಂದು ಕಲ್ಲು ನೆಡಿಸಿ, ಅಲ್ಲಿಂದ ನೂರೈವತ್ತು ಗಜದಾಚೆ ಕೆಂಪು ಬಾವುಟ ನಿಲ್ಲಿಸಿದ್ದರು. ಎಡಕ್ಕೆ ಬೆಟ್ಟ. ಬಲಕ್ಕೆ ಕೆಂಚಮ್ಮನ ಒಂದು ಎಕರೆ ಹುರುಳಿ ಹೊಲ. ಬಾವುಟದ ಹಿಂದೆ, ಸ್ವಲ್ಪ ದೂರದಲ್ಲಿ, ಶಾನುಭೋಗ ನರಸಿಂಗರಾಯರ ದಾಳಿಂಬೆ ತೋಟ. ತೋಟದ ಕಡೆಗೆ ಈವರೆಗೆ ಯಾವ ಚೆಂಡೂ ತಲೆ ಹಾಕಿರಲಿಲ್ಲ. ಅಮಲ್ದಾರರು ಹೊಡೆದದ್ದೆಲ್ಲ ಮೊದಲು ನೆಟ್ಟಗೆ ಹೊರಟಂತೆ ಮಾಡಿ, ಆಮೇಲೆ ಬಲಕ್ಕೆ ಬಾಗಿ, ಹುರುಳಿಯಲ್ಲಿ ಇಳಿಯುತ್ತಿತ್ತು.

ಶಾನುಭೋಗರ ಕೈಯಲ್ಲಿ ಒಂದು ಕಾಗದವಿತ್ತು. ಕೆಂಚಮ್ಮ ಹೊತ್ತು ಮೂಡುವ ಮೊದಲೇ ಹೊರಟು ಬಂದದ್ದು ಆ ಕಾಗದದ ಸುದ್ದಿ ಕೇಳಿ.

ಕೆಂಚಮ್ಮ: ಅದರಾಗೆ ಏನ್ ಬರ್ದೈತೆ, ಒಂದಪ ಓದಿ ರಾಯ್ರೆ.

ಶಾನುಭೋಗ: ಕೇಳಿಸ್ಕೊ. "ಸದರಿ ಚೆಂಡು ಪದೇ ಪದೇ ಸದರಿ ಹೊಲದಲ್ಲೇ ಬೀಳುತ್ತಿರುವುದರಿಂದ, ಸದರಿ ಹೊಲವು ಆಟದ ಮೈದಾನದ ಭಾಗವೆಂದೇ ಭಾವಿಸಿ ಸರ್ಕಾರದ ವಶಕ್ಕೆ ತೆಗೆದುಕೊಳ್ಳತಕ್ಕದ್ದು." ಅಮಲ್ದಾರ್ ಸಾಹೇಬರ ರುಜು ಒಂದು ಬಾಕಿ.

ಕೆಂಚಮ್ಮ: ಸದರಿ ಚೆಂಡನ್ನ ಸದರಿ ಬಾವುಟದ ಕಡೀಕೆ ಹೊಡ್ದ್ರೆ ಆಗಾಕಿಲ್ವಾ?

ಶಾನುಭೋಗ: ಚೆಂಡಿನ ಸ್ವಭಾವವೇ ಬಲಕ್ಕೆ ಹೋಗೋದು. ನೋಡು, ಒಂದು ಎಲೆ ಅಲ್ಲಾಡ್ತಿಲ್ಲ, ಗಾಳಿ ಅನ್ನೋದೇ ಇಲ್ಲ. ಆದರೂ ಬಲಕ್ಕೇ ಹೋಗುತ್ತೆ. ಸ್ವಭಾವಕ್ಕೆ ಯಾರೇನು ಮಾಡೋಕಾಗುತ್ತೆ?

ಕೆಂಚಮ್ಮ: ಅಂಗಾದ್ರೆ ಆ ನಿಂತ್ಕಳೋ ಕಲ್ಲನ್ನ ಕಿತ್ತು ಆಚೀಕೆ ಹಾಕ್ಕಳಿ.

ಶಾನುಭೋಗ: ನೆಟ್ಟ ಕಲ್ಲು ಕೀಳೋದು ಅಂದ್ರೆ ಏನಂದ್ಕೊಂಡೆ? ಅಳತೆಯಾಗಿದೆ, ನಕ್ಷೆಯಾಗಿದೆ. ಅದನ್ನ ಅಲ್ಲಾಡಿಸೋಕೆ ಮೇಲಿನಿಂದ ಹುಜೂರ್ ಅಪ್ಪಣೆಯೇ ಬರಬೇಕು.

ಅಮಲ್ದಾರ: ಬದಲಿ ಜಮೀನು ಕೊಡ್ತೀವಲ್ಲಮ್ಮ. ಎಲ್ಲಿ ಅಂತ ಬರೆದಿದ್ದೀರಿ ಶಾನುಭೋಗರೇ?

ಶಾನುಭೋಗ: ಅಗೋ ಅಲ್ಲಿ, ಸ್ವಾಮಿ. ಬೆಟ್ಟದ ಮೇಲೆ ಬೇಕಾದಷ್ಟಿದೆ.

ಕೆಂಚಮ್ಮ: ಆ ಬಂಡೆ ಮ್ಯಾಲಾ? ಅಲ್ಲಿ ಹುರುಳಿ ಒಣಗ್ಸಬೋದು ರಾಯ್ರೆ. ಬೆಳ್ಯಾಕೆ ನೀವೇ ಹತ್ತಿ ತೋರಿಸ್ಬೇಕು.

ಇಂಥ ಹೊತ್ತಿನಲ್ಲಿ ಕಾಲಿಗೆ ಬಿದ್ದು ಅಳುವುದು ವಾಡಿಕೆ. ಕೆಂಚಮ್ಮ ಅದನ್ನೂ ಯೋಚಿಸಿದ್ದಳು. ಆದರೆ ಅತ್ತವರ ಅರ್ಜಿಗಳೆಲ್ಲ ಕಚೇರಿಯಲ್ಲಿ ಕೆಂಪು ಬಟ್ಟೆಯ ಗಂಟು ಸೇರುವುದನ್ನು ಅವಳು ಕಂಡಿದ್ದಳು. ಅದಕ್ಕೆ ಕಣ್ಣೀರಿನ ಬದಲು ಎಮ್ಮೆ ಕಟ್ಟುವ ಉದ್ದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಸೊಂಟದಲ್ಲಿ ಕುಡುಗೋಲು ಎಂದಿನಂತೆ ಇತ್ತು.

ಅಮಲ್ದಾರರು ಒದ್ದೆ ಮರಳಿನ ಸಣ್ಣ ಗುಪ್ಪೆ ಮಾಡಿ ಅದರ ಮೇಲೆ ಚೆಂಡು ಕೂರಿಸಿದರು. ಬಲಕ್ಕೆ ಹೋಗುವ ಚೆಂಡಿಗೆ ಎಡಕ್ಕೆ ಗುರಿಯಿಡಬೇಕೆಂಬುದು ಅವರ ತರ್ಕ. ದಿನಕ್ಕಿಷ್ಟು ಎಡಕ್ಕೆ ತಿರುಗುತ್ತ ಬಂದು, ಈಗ ಅವರ ಎದೆ ಸುಮಾರಾಗಿ ಬಾವುಟಕ್ಕೇ ಎದುರಾಗಿತ್ತು, ಎಡಭುಜ ಬೆಟ್ಟದ ಕಡೆಗಿತ್ತು.

ಕೆಂಚಮ್ಮ: ಹೊಂಗೆ ಮರದ ಬುಡಕ್ಕೆ ಬೀಳ್ತೈತೆ.

ಶಾನುಭೋಗ: ಬಾಯ್ಮುಚ್ಚು! ಸಾಹೇಬರು ಇನ್ನೂ ಹೊಡೆದೇ ಇಲ್ಲ.

ಅಮಲ್ದಾರರು ಬೀಸಿದರು. ಚೆಂಡು ಬೆಟ್ಟದ ಕಡೆ ಎದ್ದಿತು, ಮನಸ್ಸು ಬದಲಾಯಿಸಿತು, ದೊಡ್ಡ ಬಾಳೆಕಾಯಿಯ ಹಾಗೆ ಬಾಗಿ ಬಂದು ಹುರುಳಿ ಹೊಲದ ಆಚೆ ತುದಿಯ ಹೊಂಗೆಮರದ ಬುಡದಲ್ಲಿ ಬಿತ್ತು.

ಅಮಲ್ದಾರ: ನಿನಗೆ ಹ್ಯಾಗೆ ಗೊತ್ತಾಯಿತು?

ಕೆಂಚಮ್ಮ: ನಿಮ್ ಭುಜ ನೋಡ್ದೆ ಬುದ್ಧಿ. ಮೊದಲನೇ ವಾರ ನಿಮ್ ಭುಜ ಬಾವುಟದಿಂದ ವಸಿ ಎಡಕ್ಕಿತ್ತು. ಚೆಂಡು ನಮ್ ಬದುವಿನ ಮ್ಯಾಲೆ ಬೀಳ್ತಿತ್ತು. ಆಮ್ಯಾಕೆ ಬೆಟ್ಟದ ಬುಡಕ್ಕೆ ತಿರುಗ್ಸಿದ್ರಿ. ನಡು ಹೊಲಕ್ಕೆ ಬಂತು. ಈಗ ಬೆಟ್ಟದ ಮ್ಯಾಲಿನ ಕೋಟೆ ಬಾಗ್ಲಿಗೆ ಹಿಡೀತೀರಿ. ಹೊಂಗೆ ಮರಕ್ಕೆ ಓಯ್ತೈತೆ. ನೀವು ಎಡಕ್ಕೆ ತಿರುಗ್ದಷ್ಟೂ ಅದು ಬಲಕ್ಕೆ ಓಯ್ತೈತೆ. ಇನ್ನೊಂದಷ್ಟು ತಿರುಗಿದ್ರೆ ನಮ್ ಹಟ್ಟಿಗೇ ಬರ್ತೈತೆ.

ಶಾನುಭೋಗ: ಅಂದ್ರೆ ಸಾಹೇಬರು ನಿಂತಿರೋದೇ ಸರಿಯಿಲ್ಲ ಅಂತೀಯಾ?

ಕೆಂಚಮ್ಮ: ಹ್ಞೂ.

ಶಾನುಭೋಗ: ಸರ್ಕಾರದ ಅಮಲ್ದಾರರು ನಿಂತಿರೋದು?

ಕೆಂಚಮ್ಮ: ಸರ್ಕಾರ ಕಚೇರೀಲಿ ಕೂತಿರ್ಲಿ ರಾಯ್ರೆ. ಇಲ್ಲಿ ನಿಂತಿರೋದು ಎರಡು ಕಾಲು. ಕಾಲಿಗೆ ಏನ್ ಹುದ್ದೆ?

ಅಮಲ್ದಾರ: ತಡೀರಿ, ತಡೀರಿ. ಎಡಕ್ಕೆ ತಿರುಗಿದರೆ ಚೆಂಡು ಬಲಕ್ಕೆ ಯಾಕೆ ಹೋಗಬೇಕಮ್ಮ?

ಕೆಂಚಮ್ಮ: ನಾನು ಜೋಳಕ್ಕೆ ಬರೋ ಗಿಣಿಗೆ ಕವಣೆ ಬೀಸ್ತೀನಿ ಬುದ್ಧಿ. ಭುಜ ತೆರ್ಕಂಡು ನಿಂತ್ರೆ ಕೈ ಹೊರಗಡೆಯಿಂದ ಒಳೀಕೆ ಎಳೀತೈತೆ. ನಿಮ್ ಕೋಲೂ ಅಂಗೇ ಚೆಂಡನ್ನ ಹೊಡೆಯಾಕಿಲ್ಲ, ಅಡ್ಡಕ್ಕೆ ಕೊಯ್ತೈತೆ. ಅದು ಬುಗುರಿ ಥರ ಗಿರ್ರಂತ ತಿರುಗ್ತಾ ಮಗ್ಗುಲಿಗೆ ಓಯ್ತೈತೆ.

ಶಾನುಭೋಗ: ಇದೆಲ್ಲಾ ಸಾಹೇಬರ ಪುಸ್ತಕದಲ್ಲಿದೆಯೇನು?

ಅಮಲ್ದಾರರ ಕೋಟಿನ ಜೇಬಿನಲ್ಲಿ ಲಂಡನ್ನಿನಿಂದ ಬಂದ ಪುಸ್ತಕವಿತ್ತು. ಅದರ ಮುನ್ನುಡಿಯನ್ನೂ, ಆಟದ ಇತಿಹಾಸವನ್ನೂ ಅವರು ಎರಡೆರಡು ಸಲ ಓದಿದ್ದರು. ನಿಲ್ಲುವ ಕ್ರಮದ ಅಧ್ಯಾಯ ಅದರ ನಂತರ ಬರುತ್ತಿತ್ತು. ಅಲ್ಲಿಂದ ಮುಂದೆ ಹಾಳೆಗಳ ಅಂಚು ಇನ್ನೂ ಕತ್ತರಿಸದೆ, ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಅಮಲ್ದಾರ: ಇದು... ಹಾಳೆ ಬಿಡಿಸೋಕೆ ಚಾಕು ಬೇಕು. ಚಾಕು ಮನೆಯಲ್ಲಿದೆ.

ಕೆಂಚಮ್ಮ: ಕುಡುಗೋಲು ಐತೆ. ಕೊಡಿ ಇತ್ಲಾಗೆ.

ಎರಡು ಸಲ ಕುಡುಗೋಲು ಆಡಿಸಿದಳು. ಒಂದು ಚಿತ್ರ ಹೊರಬಂತು. ಅದರಲ್ಲಿ ಮೀಸೆಯ ಒಬ್ಬ ದೊರೆ ಭುಜ ತೆರೆದುಕೊಂಡು ನಿಂತಿದ್ದ. ಚೆಂಡಿನ ದಾರಿಯನ್ನು ಚುಕ್ಕೆಗಳಲ್ಲಿ ತೋರಿಸಿತ್ತು. ಅದು ದೊಡ್ಡ ಬಾಳೆಕಾಯಿಯ ಹಾಗೆ ಬಲಕ್ಕೆ ಬಾಗಿತ್ತು. ಅಮಲ್ದಾರರು ಚಿತ್ರವನ್ನು ನೋಡಿದರು, ಹೊಂಗೆಮರವನ್ನು ನೋಡಿದರು.

ಅಮಲ್ದಾರ: ಈಕೆ ಹೇಳಿದ್ದನ್ನೇ ಅಚ್ಚು ಹಾಕಿದ್ದಾರೆ, ಶಾನುಭೋಗರೇ.

ಶಾನುಭೋಗ: ಲಂಡನ್ನಿನಲ್ಲಿ ಅಚ್ಚಾಗಿದ್ದರೆ ನಿಜವೇ ಇರಬೇಕು, ಸ್ವಾಮಿ.

ಕೆಂಚಮ್ಮ: ಬುದ್ಧಿ, ನಾನೊಂದು ಕೇಳ್ತೀನಿ. ನಾನು ಹೇಳ್ದಂಗೆ ನಿಂತು ಮೂರು ಚೆಂಡು ಹೊಡೀರಿ. ಒಂದಾದ್ರೂ ನನ್ ಹೊಲಕ್ಕೆ ಬಿದ್ರೆ ಆ ಕಾಗ್ದಕ್ಕೆ ರುಜು ಹಾಕಿ, ನಾನು ಸೊಲ್ಲೆತ್ತಾಕಿಲ್ಲ. ಬೀಳ್ದಿದ್ರೆ ಹರ್ದು ಹಾಕ್ಬೇಕು.

ಅಮಲ್ದಾರ: ಆಗಲಿ.

ಶಾನುಭೋಗ: ಬಾಯಿ ಮಾತು ಬೇಡಿ ಸ್ವಾಮಿ. ಸರ್ಕಾರಿ ವಿಚಾರ ಅಂದಮೇಲೆ ಬರವಣಿಗೆಯಲ್ಲಿರಬೇಕು. ಬರೆದುಬಿಡ್ತೀನಿ. "ಮೂರು ಚೆಂಡುಗಳು ಬಿದ್ದ ಜಮೀನು ಮೈದಾನಕ್ಕೆ ಸೇರತಕ್ಕದ್ದು."

ಕೆಂಚಮ್ಮ: ಯಾರ್ದಾದ್ರೂ ಸೈನಾ?

ಶಾನುಭೋಗ: ಯಾರದಾದರೂ ಸರಿ! ನಾವೇನು ನಿನ್ನ ಮೇಲೆ ಹಗೆ ಸಾಧಿಸ್ತೀವಾ? ಇಗೋ, ಅದನ್ನೂ ಸೇರಿಸಿದೆ. "ಸದರಿ ಜಮೀನು ಯಾರದೇ ಆಗಿರಲಿ."

ಕೆಂಚಮ್ಮ ಹಗ್ಗ ಬಿಚ್ಚಿದಳು. ಒಂದು ತುದಿಯನ್ನು ಕಲ್ಲಿನ ಬಳಿ ಇಟ್ಟು, ಬಾವುಟಕ್ಕೆ ನೆಟ್ಟ ನೋಟದಲ್ಲಿ ನೆಲದ ಮೇಲೆ ನೇರ ಹಾಸಿದಳು. ಬಿತ್ತನೆಯಲ್ಲಿ ಅವಳ ಮೊದಲ ಸಾಲು ಡೊಂಕಾದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಕೆಂಚಮ್ಮ: ಎರಡೂ ಕಾಲಿನ ತುದಿ ಹಗ್ಗಕ್ಕೆ ಒಂದೇ ಸಮ ಇರ್ಬೇಕು. ವಸಿ ಅಗಲಿಸ್ಕಳಿ. ಮಂಡಿ ಸಡ್ಲ ಬುಡಿ. ರಾಯ್ರೆ, ಸಾಹೇಬ್ರ ಭುಜ ತಿರುಗ್ಸಿ.

ಶಾನುಭೋಗ: ನಾನಾ?

ಕೆಂಚಮ್ಮ: ನಾನು ಮುಟ್ಟೋ ಹಂಗಿಲ್ವಲ್ಲ.

ಶಾನುಭೋಗರು ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಂಡರು. ಅಮಲ್ದಾರರ ಭುಜ ಮುಟ್ಟುವ ಅವಕಾಶ ತಾಲ್ಲೂಕಿನ ಬೇರೆ ಯಾವ ಶಾನುಭೋಗನಿಗೂ ಸಿಕ್ಕಿರಲಿಲ್ಲ.

ಶಾನುಭೋಗ: ಇಷ್ಟು ಸಾಕೇನೇ?

ಕೆಂಚಮ್ಮ: ಇನ್ನಷ್ಟು. ಎದೆ ಮ್ಯಾಲೆ ಒಂದು ಬಿದಿರ ಗಳು ಅಡ್ಡ ಇಟ್ರೆ ಅದೂ ಹಗ್ಗದ ನೇರಕ್ಕೆ ಇರ್ಬೇಕು. ಹಾ, ಅಂಗೆ. ಈಗ ಚೆಂಡು. ಬುದ್ಧಿ, ನೀವು ಅದನ್ನ ಎಡಗಾಲಿಂದ ಆಚೀಕೆ ಇಟ್ಟು ಎಟುಕ್ಸಾಕೆ ಓಯ್ತೀರಿ. ಎಟುಕ್ಸಾಕೆ ಹೋದ್ರೆ ಭುಜ ತಾನೇ ತೆರ್ಕತೈತೆ. ಚೆಂಡನ್ನ ಎಡ ಹಿಮ್ಮಡಿಯಿಂದ ಒಳಗಡೀಕೆ ತನ್ನಿ.

ಅಮಲ್ದಾರ: ಇಲ್ಲಿಗೇ?

ಕೆಂಚಮ್ಮ: ಅಲ್ಲೇ. ಬಲಭುಜ ಒಂದಿಷ್ಟು ತಗ್ಗಲಿ. ಇನ್ನು ಕೈ. ಎಡಗೈ ಗೆಣ್ಣು ಎಷ್ಟು ಕಾಣ್ತವೆ?

ಅಮಲ್ದಾರ: ಒಂದು.

ಕೆಂಚಮ್ಮ: ಮೂರು ಕಾಣೋ ಹಂಗೆ ತಿರುಗ್ಸಿ. ಕೋಲನ್ನ ಕುತ್ತಿಗೆ ಹಿಸುಕ್ದಂಗೆ ಹಿಡೀಬ್ಯಾಡಿ. ಅದೇನೂ ತೆರಿಗೆ ಉಳಿಸ್ಕಂಡಿಲ್ಲ.

ಅಮಲ್ದಾರ: ನನಗೆ ಬಲಕ್ಕೆ ತಿರುಗಿ ನಿಂತ ಹಾಗನ್ನಿಸುತ್ತಮ್ಮ.

ಕೆಂಚಮ್ಮ: ತಿಂಗಳು ಪೂರ್ತಿ ಎಡಕ್ಕೆ ನಿಂತಿದ್ರಲ್ಲ ಬುದ್ಧಿ. ನೆಟ್ಟಗೆ ನಿಂತ್ರೆ ಅಂಗೇ ಅನ್ನಿಸ್ತೈತೆ.

ಅಮಲ್ದಾರರು ಬೀಸಿದರು. ಈ ಸಲದ ಸದ್ದೇ ಬೇರೆ ಇತ್ತು, ಒಣ ಬಿದಿರು ಸೀಳಿದ ಹಾಗೆ. ಚೆಂಡು ನೆಟ್ಟಗೆ ಎದ್ದಿತು. ಎಲ್ಲೂ ಮನಸ್ಸು ಬದಲಾಯಿಸಲಿಲ್ಲ. ಬಾವುಟದ ನೆತ್ತಿಯ ಮೇಲೆ ಹಾದು, ಇನ್ನೂ ಎತ್ತರದಲ್ಲೇ ಇದ್ದು, ಆಚೆಗೆ ಹೋಯಿತು.

ಶಾನುಭೋಗ: ಆಹಾ! ಸ್ವಾಮಿ, ಭುಜ ತಿರುಗಿಸಿದ್ದು ನಾನೇ ಅಂತ ಸೋಮವಾರ ಒಂದು ಮಾತು...

ಅಮಲ್ದಾರ: ಎಲ್ಲಿ ಬಿತ್ತು?

ಕೆಂಚಮ್ಮ: ದಾಳಿಂಬೆ ತೋಟದಾಗೆ.

ಬಾಗಿ ಹೋಗುವ ಚೆಂಡು ತನ್ನ ಶಕ್ತಿಯ ಒಂದು ಪಾಲನ್ನು ಬಾಗುವುದಕ್ಕೇ ಕಳೆದುಕೊಳ್ಳುತ್ತದೆ. ನೆಟ್ಟಗೆ ಹೋಗುವುದಕ್ಕೆ ಆ ನಷ್ಟವಿಲ್ಲ, ಅದು ದೂರಕ್ಕೆ ಹೋಗುತ್ತದೆ. ಅಲ್ಲಿದ್ದ ಮೂವರಲ್ಲಿ ಇಬ್ಬರು ಇದನ್ನು ಯೋಚಿಸಿರಲಿಲ್ಲ.

ಎರಡನೆಯದೂ ಬಾವುಟ ದಾಟಿ ಅಲ್ಲಿಗೇ ಹೋಯಿತು. ಶಾನುಭೋಗರು ಶಲ್ಯ ಸಡಿಲಿಸಿದರು.

ಶಾನುಭೋಗ: ಸಾಕು ಸ್ವಾಮಿ, ದಣಿವಾಗುತ್ತೆ. ಎರಡು ಹೊಡೆದರೆ ಮೂರು ಹೊಡೆದ ಹಾಗೇ.

ಅಮಲ್ದಾರ: ಮೂರು ಅಂತ ಬರವಣಿಗೆಯಲ್ಲಿದೆಯಲ್ಲ!

ಮೂರನೆಯದು ಹೋಯಿತು. ತೋಟದಿಂದ ಹಣ್ಣು ಒಡೆದ ಸದ್ದು ಇಲ್ಲಿಯವರೆಗೂ ಕೇಳಿಸಿತು. ಅಮಲ್ದಾರರು ಹುರುಳಿ ಹೊಲದ ಕಾಗದವನ್ನು ಕೇಳಿ ತೆಗೆದುಕೊಂಡು ನಾಲ್ಕು ಚೂರು ಮಾಡಿದರು. ಕೆಂಚಮ್ಮ ಆ ಚೂರುಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡಳು. ಅವು ಒಲೆಯಲ್ಲಿ ಉರಿಯುವವರೆಗೆ ಅವಳಿಗೆ ನಂಬಿಕೆಯಿರಲಿಲ್ಲ.

ಅಮಲ್ದಾರ: ಇನ್ನು ಆ ಎರಡನೇ ಬರಹ ಕೊಡಿ ಶಾನುಭೋಗರೇ. "ಮೂರು ಚೆಂಡುಗಳು ಬಿದ್ದ ಜಮೀನು... ಯಾರದೇ ಆಗಿರಲಿ." ಅಚ್ಚುಕಟ್ಟಾಗಿ ಬರೆದಿದ್ದೀರಿ. ಮಸಿ ಎಲ್ಲಿ?

ಶಾನುಭೋಗ: ಸ್ವಾಮಿ, ಗಾಳಿ! ಇದೆಲ್ಲ ಗಾಳಿಯಿಂದ ಆದದ್ದು.

ಅಮಲ್ದಾರ: ಗಾಳಿ ಅನ್ನೋದೇ ಇಲ್ಲ ಅಂದಿರಲ್ಲ?

ಶಾನುಭೋಗ: ಆಮೇಲೆ ಬಂತು. ನನ್ನ ಅಜ್ಜ ನೆಟ್ಟ ಗಿಡಗಳು ಸ್ವಾಮಿ... ಮೊದಲು ನಿಂತಿದ್ದಿರಲ್ಲ, ಆ ನಿಲುವಿನಲ್ಲಿ ಒಂದು ಗಾಂಭೀರ್ಯ ಇತ್ತು!

ಅಮಲ್ದಾರ: ಬದಲಿ ಜಮೀನು ಕೊಡೋಣ ಬಿಡಿ. ಬೆಟ್ಟದ ಮೇಲೆ ಬೇಕಾದಷ್ಟಿದೆ ಅಂತ ನೀವೇ ಹೇಳಿದ್ದೀರಿ.

ಶಾನುಭೋಗರು ಬೆಟ್ಟ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ನಿಲ್ಲುವ ಜಾಗದ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಎರಡೂ ಕೈಯಿಂದ ಅದನ್ನು ಅಲುಗಿಸತೊಡಗಿದರು. ನಾಲ್ಕನೆಯ ಎಳೆತಕ್ಕೆ ಕಲ್ಲು ಬುಡಸಹಿತ ಬಂತು. ಅದನ್ನು ಎದೆಗೆ ಅವಚಿಕೊಂಡು ಎದ್ದು ನಿಂತರು.

ಶಾನುಭೋಗ: ಎಂಬತ್ತು ಗಜ ಹಿಂದಕ್ಕೆ ನೆಟ್ಟುಬಿಡ್ತೀನಿ ಸ್ವಾಮಿ. ಹಿಂದೆ ಗೋಮಾಳ ಬೇಕಾದಷ್ಟಿದೆ. ಬಾವುಟವನ್ನೂ ಅಷ್ಟೇ ಹಿಂದಕ್ಕೆ ಎಳೆದರಾಯಿತು. ಯಾರ ಜಮೀನಿಗೂ ಹೋಗೋಲ್ಲ. ಐದು ನಿಮಿಷದ ಕೆಲಸ!

ಅಮಲ್ದಾರ: ಅಲ್ಲ ಶಾನುಭೋಗರೇ, ಅರ್ಧ ಗಂಟೆಯ ಹಿಂದೆ ಈ ಕಲ್ಲು ಅಲ್ಲಾಡೋಕೆ ಹುಜೂರ್ ಅಪ್ಪಣೆ ಬೇಕು ಅಂದಿರಿ?

ಶಾನುಭೋಗರು ಕಲ್ಲನ್ನು ಅವಚಿಕೊಂಡೇ ಹಿಂದಕ್ಕೆ ಹೆಜ್ಜೆ ಎಣಿಸತೊಡಗಿದರು. ಕೆಂಚಮ್ಮ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು.

ಕೆಂಚಮ್ಮ: ಆಗ ಚೆಂಡು ನನ್ ಹೊಲಕ್ಕೆ ಬೀಳ್ತಿತ್ತಲ್ಲ ಬುದ್ಧಿ.