ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು

ಬಂಟ್ವಾಳ ತಾಲೂಕಿನ ಮೊತ್ತಮೊದಲ ಡ್ರ್ಯಾಗ್ ಕಾರನ್ನು ನನ್ನ ಈ ಎರಡು ಕೈಗಳಿಂದಲೇ, ನನ್ನ ಮನೆಯ ಅಂಗಳದಲ್ಲೇ ಕಟ್ಟುತ್ತೇನೆ ಎಂದು ನಾನು ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಆರನೆಯ ನೀರುದೋಸೆ ತಿನ್ನುವಾಗ. ಈ ಐತಿಹಾಸಿಕ ಘೋಷಣೆಗೆ ಸಾಕ್ಷಿಯಾದವಳು ನನ್ನ ಹೆಂಡತಿ ನೀಲಾವತಿ ಒಬ್ಬಳೇ. ಅವಳು ಕಾವಲಿಯಿಂದ ತಲೆ ಎತ್ತಲಿಲ್ಲ.

"ಡ್ರ್ಯಾಗ್ ಅಂದ್ರೆ ಎಂಥದ್ದು?"

"ಕಾಲು ಮೈಲು ನೇರ ರಸ್ತೆಯಲ್ಲಿ ಬಾಣದ ಹಾಗೆ ಹೋಗುವ ಕಾರು. ಇಂಗ್ಲಿಷಿನಲ್ಲಿ ಡ್ರ್ಯಾಗ್ ಅಂದರೆ ಎಳೆಯುವುದು."

"ಎಳೆಯುವುದಾ? ಹಾಗಾದ್ರೆ ನಮ್ಮ ಓಮ್ನಿ ಹತ್ತು ವರ್ಷದಿಂದ ಡ್ರ್ಯಾಗೇ ಅಲ್ವಾ ಮಾರಾಯ್ರೆ? ಏರು ಸಿಕ್ಕಿದಲ್ಲೆಲ್ಲ ಇಳಿದು ಎಳೆದದ್ದು ನಾನು!"

ನಾನು ಲೋಕನಾಥ. ಪಾಣೆಮಂಗಳೂರು ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಇಡೀ ದಿನ ಜನರಿಗೆ "ಗಲ್ಲ ಸ್ವಲ್ಪ ಕೆಳಗೆ, ನಗಬಾರದು" ಎಂದು ಹೇಳಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವ ಮನುಷ್ಯನಿಗೆ ಜೀವನದಲ್ಲಿ ಸ್ವಲ್ಪ ವೇಗ ಬೇಡವೇ? ನಮ್ಮ ಬಿಳಿ ಓಮ್ನಿ ವಾರದ ದಿನಗಳಲ್ಲಿ ನನ್ನ ಕ್ಯಾಮೆರಾ, ಲೈಟುಗಳನ್ನು ಹೊರುತ್ತದೆ. ಭಾನುವಾರ ನೀಲಾವತಿಯ ಅಡುಗೆ ಪಾತ್ರೆಗಳನ್ನು ಹೊರುತ್ತದೆ. ಸಣ್ಣಪುಟ್ಟ ಸಮಾರಂಭಗಳಿಗೆ ಅಡುಗೆ ಮಾಡಿ ಕೊಡುವುದರಲ್ಲಿ ಅವಳದು ಬಂಟ್ವಾಳದಿಂದ ಮಾಣಿಯವರೆಗೆ ಹೆಸರು. ಅಂಥ ದುಡಿಮೆಯ ಗಾಡಿಯ ಮೇಲೆ ನನ್ನ ಕಣ್ಣು ಬಿತ್ತು.

ನನ್ನ ಗುರು ಅಮೆರಿಕದ ಗಡ್ಡಧಾರಿಯೊಬ್ಬ. ಮೊಬೈಲಿನ ವೀಡಿಯೊಗಳಲ್ಲಿ ಅವನು ಹಳೆಯ ಕಾರುಗಳನ್ನು ಬಿಚ್ಚಿ, ತಗ್ಗಿಸಿ, ಅಗಲ ಮಾಡಿ, ಹೊಗೆ ಎಬ್ಬಿಸಿ ಓಡಿಸುತ್ತಾನೆ. ಅವನ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧವನ್ನು ನಾನು ಊಹಿಸುತ್ತೇನೆ. ಪಕ್ಕದ ಮನೆಯ ಅಬ್ದುಲ್ ವಹಾಬ್ ದುಬಾಯಿಯಲ್ಲಿ ಇಪ್ಪತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು ಬಂದವರು. ಅವರು ಬೇಲಿಯ ಆಚೆಯಿಂದಲೇ ಹೇಳಿದರು: "ಲೋಕಣ್ಣ, ಬೋಲ್ಟ್ ಬಿಚ್ಚುವ ಮೊದಲು ನನ್ನನ್ನೊಂದು ಸಲ ಕರೀರಿ."

"ಬೇಡ ವಹಾಬಣ್ಣ. ಸ್ವಂತ ಕೈಯಲ್ಲಿ ಮಾಡಿದರೇ ಅದಕ್ಕೆ ಗೌರವ!"

ಅವರು ಒಮ್ಮೆ ಓಮ್ನಿಯನ್ನು, ಒಮ್ಮೆ ನನ್ನನ್ನು ನೋಡಿ ಒಳಗೆ ಹೋದರು.

ಮೊದಲ ವಾರ ಅಲಂಕಾರ. ಬಿಳಿ ಬಾಗಿಲುಗಳ ಮೇಲೆ ಕೆಂಪು, ಹಳದಿ ಬೆಂಕಿಯ ಜ್ವಾಲೆಗಳನ್ನು ನಾನೇ ಬರೆದೆ. ಬಣ್ಣ ಒಣಗುವ ಮೊದಲೇ ಆಚೆಮನೆಯ ಸೌದಾ ಖಾಲಿ ಸಿಲಿಂಡರ್ ಉರುಳಿಸಿಕೊಂಡು ಬಂದಳು. "ಅಣ್ಣಾ, ಗ್ಯಾಸ್ ಏಜೆನ್ಸಿ ಯಾವಾಗ ಶುರು ಮಾಡಿದ್ದು? ಒಂದು ತುಂಬಿದ್ದು ಕೊಡಿ." ಅವಳಿಗೆ ತಿಳಿಹೇಳುವಷ್ಟರಲ್ಲಿ ಮತ್ತಿಬ್ಬರು ಸಿಲಿಂಡರಿನ ಸಮೇತ ಗೇಟಿನಲ್ಲಿ ನಿಂತಿದ್ದರು!

ಎರಡನೆಯ ವಾರ ಅಗಲದ ಟಯರು ಹಾಕಿ, ಗುಡುಗುವ ಸೈಲೆನ್ಸರ್ ಕೂರಿಸಿದೆ. ಜೊತೆಗೆ ಒಂದು ಆಧುನಿಕ ಉಪಕರಣ: ರಿವರ್ಸ್ ಗೇರ್ ಹಾಕಿದ ಕೂಡಲೇ ಹೆಣ್ಣು ಧ್ವನಿಯೊಂದು "ದಯವಿಟ್ಟು ಗಮನಿಸಿ, ವಾಹನ ಹಿಂದಕ್ಕೆ ಬರುತ್ತಿದೆ" ಎಂದು ಕೂಗುವ ಪೆಟ್ಟಿಗೆ.

ಮೂರನೆಯ ವಾರ ಮಹಾಕಾರ್ಯ. ಡ್ರ್ಯಾಗ್ ಕಾರು ಎಂದರೆ ನೆಲಕ್ಕೆ ಅಂಟಿಕೊಂಡಿರಬೇಕು. ಓಮ್ನಿಯೋ ಕೊಕ್ಕರೆಯ ಹಾಗೆ ಎತ್ತರ. ಗಡ್ಡಧಾರಿ ತೋರಿಸಿದ ಉಪಾಯ ಸುಲಭದ್ದು. ಹಿಂದಿನ ಎರಡು ಚಕ್ರಗಳ ನಡುವೆ ಒಂದು ದಪ್ಪ ಕಬ್ಬಿಣದ ತೊಲೆ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಹೌಸಿಂಗ್ ಎನ್ನುತ್ತಾರೆ. ಸ್ಪ್ರಿಂಗ್ ಪಟ್ಟಿಯ ಕೆಳಗಿರುವ ಅದನ್ನು ಮೇಲೆ ಕೂರಿಸಿದರೆ ಆಯಿತು, ಗಾಡಿ ಗೇಣುದ್ದ ತಗ್ಗುತ್ತದೆ. ನಾಲ್ಕು ಕೆಂಪುಕಲ್ಲಿನ ಮೇಲೆ ಗಾಡಿ ನಿಲ್ಲಿಸಿ, ಅಡಿಯಲ್ಲಿ ಅಂಗಾತ ಮಲಗಿ, ಮುಖದ ಮೇಲೆ ಮೊಬೈಲು ಹಿಡಿದುಕೊಂಡೆ. ಆದರೆ ಸ್ಪ್ರಿಂಗ್ ಕೂರುವ ಪೀಠ ತೊಲೆಯ ಮೇಲ್ಭಾಗದಲ್ಲಿತ್ತು. ನನಗೆ ಬೇಕಾದದ್ದು ಕೆಳಭಾಗದಲ್ಲಿ! ಗಡ್ಡಧಾರಿ ಈ ಹಂತದಲ್ಲಿ ವೆಲ್ಡಿಂಗ್ ಯಂತ್ರ ಹಿಡಿದು ಏನೋ ಉದ್ದಕ್ಕೆ ವಿವರಿಸಿದ. ಅದು ನನಗೆ ಅರ್ಥವಾಗದ ಅರ್ಧಕ್ಕೆ ಸೇರಿತ್ತು. ಹಾಗಾಗಿ ನಾನು ಸ್ವಂತ ಬುದ್ಧಿ ಓಡಿಸಿ ಇಡೀ ತೊಲೆಯನ್ನೇ ಮಗುಚಿ ಹಾಕಿದೆ. ಸ್ಪ್ರಿಂಗ್ ಸರಿಯಾಗಿ ಕೂತಿತು. ಗಾಡಿ ತಗ್ಗಿತು. ವೆಲ್ಡಿಂಗಿನ ಖರ್ಚೂ ಉಳಿಯಿತು! ಕೊನೆಯ ಬೋಲ್ಟ್ ಬಿಗಿಯುವಾಗ ಶನಿವಾರ ಸಂಜೆ. ಓಡಿಸಿ ನೋಡಲು ಹೊರಟರೆ ನೀಲಾವತಿ ಬಿಡಲಿಲ್ಲ. ಮರುದಿನದ ಅಡುಗೆಗೆ ತೆಂಗಿನಕಾಯಿ ತುರಿಯುವುದಿತ್ತು, ಅದೂ ನಾನೇ.

ಮರುದಿನ ಮಾಣಿಯ ನಿಖಿತಾ ಎಂಬ ಹುಡುಗಿಯ ಬಯಕೆ ಊಟ, ಎಂಬತ್ತು ಜನಕ್ಕೆ. ತುಂಬು ಗರ್ಭಿಣಿ, ಕೆಸುವಿನ ಎಲೆ ಸುತ್ತಿ ಹಬೆಯಲ್ಲಿ ಬೇಯಿಸಿದ ಪತ್ರೊಡೆ ಬೇಕೇ ಬೇಕು ಎಂದು ಬಾಯಿಬಿಟ್ಟು ಕೇಳಿದ್ದಳಂತೆ. ಹತ್ತೂವರೆಗೆ ಊಟ ಅಲ್ಲಿರಬೇಕು. ಒಂಬತ್ತೂವರೆಗೆ ಪತ್ರೊಡೆ, ಕಡಲೆ ಸುಕ್ಕ, ಹೆಸರುಬೇಳೆ ಪಾಯಸದ ದೊಡ್ಡ ದೊಡ್ಡ ಪಾತ್ರೆಗಳನ್ನು ಏರಿಸಿದೆವು. ನೀಲಾವತಿ ಪಾಯಸದ ಮುಚ್ಚಳ ಹಿಡಿದು ಪಕ್ಕದಲ್ಲಿ ಕೂತಳು. ನಾನು ಕಪ್ಪು ಕನ್ನಡಕ ಏರಿಸಿ, ಫಸ್ಟ್ ಗೇರ್ ಹಾಕಿ, ಗೇಟಿನ ಕಡೆ ನೋಡುತ್ತಾ ಕ್ಲಚ್ ಬಿಟ್ಟೆ.

ಗೇಟು ದೂರ ಹೋಯಿತು!

"ಬಾವಿ! ಬಾವಿಕಟ್ಟೆ!" ಎಂದು ನೀಲಾವತಿ ಕಿರುಚಿದಳು. ಬ್ರೇಕ್ ಒತ್ತಿದೆ. ಬಾವಿಕಟ್ಟೆಗೆ ನಾಲ್ಕು ಬೆರಳು ಬಾಕಿ.

"ತಪ್ಪಿ ರಿವರ್ಸ್ ಬಿದ್ದದ್ದು" ಎಂದೆ.

"ಹಾಗಾದ್ರೆ ಆ ಪೆಟ್ಟಿಗೆಯ ಹೆಂಗಸು ಯಾಕೆ ಕೂಗ್ಲಿಲ್ಲ?"

ಪ್ರಶ್ನೆ ಸರಿಯಾದದ್ದೇ. ಸೆಕೆಂಡ್ ಹಾಕಿದೆ. ಹಿಂದಕ್ಕೇ ಹೊರಟಿತು. ಗಾಬರಿಯಲ್ಲಿ ರಿವರ್ಸ್ ಹಾಕಿದೆ. "ದಯವಿಟ್ಟು ಗಮನಿಸಿ, ವಾಹನ ಹಿಂದಕ್ಕೆ ಬರುತ್ತಿದೆ" ಎನ್ನುತ್ತಾ ಓಮ್ನಿ ಗಂಭೀರವಾಗಿ ಮುಂದಕ್ಕೆ ಹೋಯಿತು!

ನನ್ನ ತಲೆಯೊಳಗೆ ಯಾರೋ ಮಿಕ್ಸಿ ಆನ್ ಮಾಡಿದ ಹಾಗಾಯಿತು. ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲಾಗಿರಬಹುದೇ? ಇಂಜಿನೇ ಉಲ್ಟಾ ತಿರುಗುತ್ತಿರಬಹುದೇ? ಇಳಿದು, ಗಾಡಿಯ ಮುಂಭಾಗ ಯಾವುದು ಎಂದು ಒಮ್ಮೆ ಖಚಿತ ಮಾಡಿಕೊಂಡೆ. ಹೆಡ್‌ಲೈಟು ಇದ್ದದ್ದು ಮುಂದೆಯೇ. ಗೌರವವನ್ನು ಬದಿಗಿಟ್ಟು ವಹಾಬರಿಗೆ ಫೋನ್ ಮಾಡಿದೆ. ಅವರು ತಮ್ಮನ ಮಗಳ ಮದುವೆಗೆಂದು ಬೆಳ್ತಂಗಡಿಯಲ್ಲಿದ್ದರು.

"ವಹಾಬಣ್ಣ, ಫಸ್ಟ್ ಹಾಕಿದರೆ ಹಿಂದೆ ಹೋಗ್ತದೆ."

"ರಿವರ್ಸ್ ಹಾಕಿದರೆ?"

"ಮುಂದೆ."

"ಸೆಕೆಂಡ್?"

"ಇನ್ನೂ ಜೋರಾಗಿ ಹಿಂದೆ!"

ವಹಾಬ್ ಮದುವೆ ಮನೆಯ ಗದ್ದಲದಿಂದ ಆಚೆ ಬಂದು ಬಹಳ ಮೆತ್ತಗೆ ಕೇಳಿದರು: "ಲೋಕಣ್ಣ, ನೀವು ಯಾವ ಕಡೆ ಮುಖ ಮಾಡಿ ಕೂತಿದ್ದೀರಿ?"

ಅವರು ಊರಿಗೆ ಬರುವುದು ಮುಂದಿನ ಶನಿವಾರ. ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ ಎಂದರು. ಮುಟ್ಟದೆ ಹೇಗೆ? ನೀಲಾವತಿ ಮೂರು ಬಾಡಿಗೆ ಗಾಡಿಯವರಿಗೆ ಫೋನ್ ಮಾಡಿದಳು. ಮುಹೂರ್ತದ ಭಾನುವಾರ, ಯಾರೂ ಖಾಲಿ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿದ್ದು ನೋಡಿದೆ. ಇಷ್ಟು ವರ್ಷದಲ್ಲಿ ಒಂದು ಊಟವನ್ನೂ ಅವಳು ತಡ ಮಾಡಿದವಳಲ್ಲ.

"ಮುಂದೆ ಹೋಗ್ಲಿಕ್ಕೆ ಒಂದು ಗೇರ್ ಉಂಟಲ್ಲ?" ಎಂದಳು ಕಣ್ಣು ಒರೆಸಿಕೊಂಡು. "ಅದರಲ್ಲೇ ಹೋಗುವ. ನಡೀರಿ."

ಹೀಗೆ ತಾಲೂಕಿನ ಮೊತ್ತಮೊದಲ ಡ್ರ್ಯಾಗ್ ಕಾರು ಹೆದ್ದಾರಿಗೆ ಇಳಿಯಿತು, ರಿವರ್ಸ್ ಗೇರಿನಲ್ಲಿ, ಮುಂದಕ್ಕೆ, ಸೈಕಲ್ಲಿನ ವೇಗದಲ್ಲಿ! ಸೈಲೆನ್ಸರ್ ಗುಡುಗುತ್ತಿತ್ತು. ಸೀಟಿನಡಿಯ ಇಂಜಿನ್ ಕಾದು ನಾನೇ ಪತ್ರೊಡೆಯ ಹಾಗೆ ಬೇಯುತ್ತಿದ್ದೆ. ಹಿಂದೆ ಬಿಳಿ ರಿವರ್ಸ್ ಲೈಟು ಉರಿಯುತ್ತಿತ್ತು. ಆ ಹೆಂಗಸು ಒಂದೇ ಸಮನೆ "ವಾಹನ ಹಿಂದಕ್ಕೆ ಬರುತ್ತಿದೆ" ಎಂದು ಸಾರುತ್ತಿದ್ದಳು. ನಮ್ಮ ಹಿಂದಿದ್ದ ಬಸ್ಸಿನವನು ಹೆದರಿ ತಾನೂ ಹಿಂದೆ ಸರಿದ. ಅವನ ಹಿಂದಿನ ಲಾರಿಯವನು ಬೈದ. ನಾವು ಮಾತ್ರ ಮುಂದೆ ಮುಂದೆ ಹೋಗುತ್ತಿದ್ದೆವು. ಹಿಂದೆ ಬರುತ್ತಿದ್ದೇವೆ ಎಂದು ಎಲ್ಲರಿಗೂ ಹೇಳುತ್ತಾ!

ಕಲ್ಲಡ್ಕದಲ್ಲಿ ಪೊಲೀಸರೊಬ್ಬರು ಕೈ ತೋರಿಸಿ ನಿಲ್ಲಿಸಿದರು.

"ಗಾಡಿ ಹಿಂದೆ ಬರ್ತಾ ಉಂಟು ಅಂತ ಹೇಳ್ತದಲ್ಲ?"

"ಹೌದು ಸರ್. ಆದರೆ ಮುಂದೆ ಹೋಗ್ತಾ ಉಂಟು."

"ಹಾಗಾದ್ರೆ ರಿವರ್ಸ್ ತೆಗೀರಿ."

"ತೆಗೆದರೆ ಹಿಂದೆ ಹೋಗ್ತದೆ ಸರ್."

ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. ನೀಲಾವತಿ ಪಾತ್ರೆಯ ಮುಚ್ಚಳ ಸರಿಸಿ ಎರಡು ತುಂಡು ಪತ್ರೊಡೆ ಬಾಳೆ ಎಲೆಯಲ್ಲಿ ಇಟ್ಟುಕೊಟ್ಟು, "ಬಸುರಿ ಹುಡುಗಿಯ ಊಟ ಸರ್, ತಡ ಆಗ್ತದೆ" ಎಂದಳು. ಅವರು ನಮ್ಮಿಬ್ಬರನ್ನೂ ಕರುಣೆಯಿಂದ ನೋಡಿದರು. "ಹೋಗಿ. ಹೇಗೆ ಹೋಗ್ತೀರೋ ಹಾಗೆ ಹೋಗಿ. ಆದರೆ ನಾಳೆ ಈ ಗಾಡಿ ರಸ್ತೆಯಲ್ಲಿ ಕಾಣಬಾರದು!"

ಹತ್ತೂಮುಕ್ಕಾಲಿಗೆ, ಬರೀ ಕಾಲು ಗಂಟೆ ತಡವಾಗಿ, ಮಾಣಿಯ ಮನೆ ಮುಟ್ಟಿದೆವು. ನಿಖಿತಾ ಹಸಿರು ಸೀರೆಯುಟ್ಟು ಕೂತಿದ್ದಳು. ಮೊದಲ ತುತ್ತು ಪತ್ರೊಡೆ ಬಾಯಿಗಿಟ್ಟು ಕಣ್ಣು ಮುಚ್ಚಿದಾಗ ನೀಲಾವತಿ ನಿಟ್ಟುಸಿರು ಬಿಟ್ಟು ಗೋಡೆಗೆ ಒರಗಿದಳು.

ಊಟ ಮುಗಿದ ಮೇಲೆ ಇನ್ನೊಂದು ಪೇಚು. ಆ ಮನೆಗೆ ಹೋಗುವ ದಾರಿ ಇಕ್ಕಟ್ಟಿನದು, ಗಾಡಿ ತಿರುಗಿಸಲು ಜಾಗವಿಲ್ಲ. ಬಂದ ನೆಂಟರೆಲ್ಲ ತಮ್ಮ ತಮ್ಮ ಕಾರುಗಳಲ್ಲಿ ಕುತ್ತಿಗೆ ತಿರುಚಿಕೊಂಡು ಒಂದೊಂದೇ ಅಡಿ ಹಿಂದೆ ಸರಿಯುತ್ತಿದ್ದರು. ನಾನು ಎರಡನೆಯ ಲೋಟ ಪಾಯಸದಲ್ಲಿದ್ದೆ. ನೀಲಾವತಿ ತಾನೇ ಸ್ಟಿಯರಿಂಗಿಗೆ ಕೂತು, ಕನ್ನಡಿ ನೋಡಿ, ಫಸ್ಟ್, ಸೆಕೆಂಡ್, ಥರ್ಡ್ ಎಂದು ಗೇರ್ ಬದಲಿಸುತ್ತಾ ಹಿಂದಕ್ಕೆ ಹೊರಟಳಲ್ಲ! ಈ ಸಲ ಆ ಹೆಂಗಸು ಉಸಿರೆತ್ತಲಿಲ್ಲ. ಇನ್ನೂರು ಮೀಟರ್ ದಾರಿಯನ್ನು ಓಮ್ನಿ ಒಂದೇ ಉಸಿರಿಗೆ ಮುಗಿಸಿತು. ನೆಂಟರು ಚಪ್ಪಾಳೆ ತಟ್ಟಿದರು. ನಾನು ಲೋಟ ಹಿಡಿದುಕೊಂಡೇ ಹಿಂದಿನಿಂದ ಓಡಿದೆ. ಹಿಂದಿನಿಂದಲೋ ಮುಂದಿನಿಂದಲೋ, ನನಗೀಗಲೂ ಗೊತ್ತಿಲ್ಲ.

ಮತ್ತೆ ರಿವರ್ಸಿನಲ್ಲೇ ಮನೆ ಮುಟ್ಟಿದ ಮೇಲೆ ಆ ವಾರ ಗಾಡಿ ಅಂಗಳ ಬಿಟ್ಟು ಹೊರಗೆ ಹೋಗಲಿಲ್ಲ. ಬೇರೆ ಗ್ಯಾರೇಜಿಗೆ ಕೊಟ್ಟರೆ ಪೇಟೆಯಿಡೀ ಸುದ್ದಿ. ಆದರೆ ನಾನು ಸುಮ್ಮನೆ ಕೂರುವವನಲ್ಲ. ನೀಲಾವತಿಗೆ ಬಂದದ್ದು ನನಗೆ ಬಾರದೇ? ದಿನಾ ಬೆಳಿಗ್ಗೆ ಸಂಜೆ ಅಂಗಳದಲ್ಲಿ ಅಭ್ಯಾಸ ಮಾಡಿದೆ. ಫಸ್ಟ್ ಎಂದರೆ ಹಿಂದೆ, ರಿವರ್ಸ್ ಎಂದರೆ ಮುಂದೆ. ಶುಕ್ರವಾರದ ಹೊತ್ತಿಗೆ ನನ್ನ ಕೈಕಾಲುಗಳು ಆಲೋಚಿಸದೆಯೇ ಅದನ್ನು ಮಾಡುತ್ತಿದ್ದವು.

ಶನಿವಾರ ವಹಾಬ್ ಬಂದು ಗಾಡಿಯ ಅಡಿಗೆ ತಲೆ ಹಾಕಿದರು. ಎರಡೇ ನಿಮಿಷದಲ್ಲಿ ಗಾಡಿಯೇ ಅಲುಗಾಡುವ ಹಾಗೆ ನಗು ಕೇಳಿತು.

"ಲೋಕಣ್ಣ, ಹೌಸಿಂಗನ್ನು ಕಾವಲಿಯ ಮೇಲಿನ ಮೀನಿನ ಹಾಗೆ ಮಗುಚಿ ಹಾಕಿದ್ದೀರಲ್ಲ! ಚಕ್ರ ತಿರುಗಿಸುವ ಹಲ್ಲುಚಕ್ರ ಇರುವುದು ಅದರೊಳಗೇ. ತೊಲೆ ಉಲ್ಟಾ ಆದರೆ ಚಕ್ರ ತಿರುಗುವುದೂ ಉಲ್ಟಾ!"

ಮಧ್ಯಾಹ್ನದೊಳಗೆ ಅವರು ಎಲ್ಲವನ್ನೂ ಬಿಚ್ಚಿ ಸರಿಯಾಗಿ ಕೂರಿಸಿದರು. ಓಮ್ನಿ ಮತ್ತೆ ಕೊಕ್ಕರೆಯಾಯಿತು. ವಹಾಬ್ ತಾವೇ ಓಡಿಸಿ ನೋಡಿ, ಗಾಡಿಯನ್ನು ಮನೆಯ ಪಕ್ಕದ ಶೀಟಿನ ಅಡುಗೆ ಚಪ್ಪರಕ್ಕೆ ಮುಖ ಮಾಡಿ ನಿಲ್ಲಿಸಿದರು. ಚಪ್ಪರದೊಳಗೆ ನೀಲಾವತಿ ತೊಳೆದು ಒಂದರ ಮೇಲೊಂದು ಗೋಪುರ ಮಾಡಿದ್ದ ಪಾತ್ರೆಗಳಿದ್ದವು.

"ಗಾಡಿ ಈಗ ಸರಿ ಉಂಟು, ಲೋಕಣ್ಣ. ನೀವೊಮ್ಮೆ ನೋಡಿ."

ನಾನು ಜಂಬದಿಂದ ಹತ್ತಿ ಕೂತೆ. ಹಿಂದಕ್ಕೆ ತೆಗೆದು ಗೇಟಿನತ್ತ ತಿರುಗಿಸಬೇಕು. ಹಿಂದಕ್ಕೆ ಎಂದರೆ? ನನ್ನ ಕೈ ಆಲೋಚಿಸಲಿಲ್ಲ. ಠೀವಿಯಿಂದ ಫಸ್ಟ್ ಹಾಕಿ, ಹಿಂದೆ ತಿರುಗಿ ನೋಡುತ್ತಾ, ಕ್ಲಚ್ ಬಿಟ್ಟೆ.

ಹತ್ತು ಚೆಂಡೆಯವರು ಒಟ್ಟಿಗೆ ಬಿದ್ದರೆ ಎಷ್ಟು ಸದ್ದಾಗಬಹುದೋ ಅಷ್ಟು ಸದ್ದಾಯಿತು. ಪಾಯಸದ ಪಾತ್ರೆಯೊಂದು ಉರುಳುತ್ತಾ ಬಂದು ಬಾವಿಕಟ್ಟೆಗೆ ಬಡಿದು ನಿಂತಿತು. ಇನ್ನೊಂದು ಬಂಪರಿಗೆ ಸಿಕ್ಕಿ ರೊಟ್ಟಿಯಾಗಿತ್ತು. ಚಪ್ಪರದ ಶೀಟು ನಿಧಾನವಾಗಿ ಓಮ್ನಿಯ ತಲೆಯ ಮೇಲೆ ಒರಗಿತು.

ವಹಾಬ್ ಕಕ್ಕಾಬಿಕ್ಕಿಯಾಗಿ ಓಡಿ ಬಂದು ಗಾಡಿಯ ಅಡಿಗೆ ಬಗ್ಗಿದರು. "ನಾನು ಸರಿಯಾಗಿಯೇ ಕೂರಿಸಿದ್ದೆನಲ್ಲ..."

ನೀಲಾವತಿ ಸೌಟು ಹಿಡಿದುಕೊಂಡು ಹೊರಗೆ ಬಂದಳು. ಪಾತ್ರೆಗಳನ್ನು ನೋಡಿದಳು, ಗಾಡಿಯನ್ನು ನೋಡಿದಳು. ಶೀಟಿನ ಕೆಳಗೆ ಇನ್ನೂ ಹಿಂದಕ್ಕೆ ತಿರುಗಿಕೊಂಡೇ ಕೂತಿದ್ದ ನನ್ನನ್ನು ಬಹಳ ಹೊತ್ತು ನೋಡಿದಳು.

"ಗಾಡಿ ಸರಿಯಾಗಿಯೇ ಉಂಟು ವಹಾಬಣ್ಣ, ನೀವು ಏಳಿ" ಎಂದಳು. "ಇನ್ನು ಇವರನ್ನೊಮ್ಮೆ ಬಿಚ್ಚಿ ನೋಡಿ. ಒಳಗೆ ಎಂಥದ್ದೋ ಉಲ್ಟಾ ಕೂತಿದೆ!"