ಹುಳಿ ಹೋಗಿ ಹುಲಿ ಬಂತು

"ನೋಡು ಅಲಮೇಲು, ಈ ಮನೆಗೆ ಯಾವ ಟ್ಯಾಬ್ಲೆಟ್ ಬರಬೇಕು ಅನ್ನೋದನ್ನ ನಾನು ತೀರ್ಮಾನ ಮಾಡ್ತೀನಿ. ಹದಿನೆಂಟು ವರ್ಷದಿಂದ ಇದೇ ಕಸುಬಿನಲ್ಲಿದೀನಿ. ಇದೇನು ತರಕಾರಿ ಆರಿಸಿದ ಹಾಗಲ್ಲ!"

ಅನಂತಪದ್ಮನಾಭ ಹೀಗೆ ಗರ್ಜಿಸಿದ್ದು ಒಂದು ಶನಿವಾರ ಬೆಳಿಗ್ಗೆ, ಲಿನ್‌ವುಡ್ಡಿನ ತನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಕೈಯಲ್ಲೊಂದು ಬದನೆಕಾಯಿ ಹಿಡಿದುಕೊಂಡು. ಅಲಮೇಲು ಆ ಬದನೆಕಾಯಿಯನ್ನು ತೆಗೆದುಕೊಂಡು ಸೀಳಿದಳು. ಹುಳುಕು. ನೇರವಾಗಿ ಕಸದ ಬುಟ್ಟಿಗೆ ಹಾಕಿದಳು. ಅದನ್ನು ಆರಿಸಿ ತಂದವನು ಅವನೇ!

ಮೈಸೂರಿನ ಅನಂತಪದ್ಮನಾಭ ರೆಡ್ಮಂಡಿನ 'ಹೆಮ್‌ಲಾಕ್' ಎಂಬ ಕಂಪನಿಯಲ್ಲಿ ಇಂಜಿನಿಯರು. ಆನೆಗಳ ಕಾಲ ಸಂದಿಯಲ್ಲಿ ಓಡಾಡುವ ಇರುವೆಯಂಥ ಕಂಪನಿ ಅದು. ಆದರೆ ಇರುವೆಗೂ ಗತ್ತು ಇರುತ್ತದೆ: ತನ್ನದೇ ಟ್ಯಾಬ್ಲೆಟ್ಟು, ತನ್ನದೇ ಆಪರೇಟಿಂಗ್ ಸಿಸ್ಟಮ್ಮು! ಅವನ ಏಳಕ್ಷರದ ಹೆಸರಿಗೆ ನಾಲಿಗೆ ಹೊರಳದ ಸಹೋದ್ಯೋಗಿಗಳು ಅದನ್ನು ನಡುವೆ ಕತ್ತರಿಸಿ 'ಪ್ಯಾಡಿ' ಎಂದು ಮಾಡಿಕೊಂಡಿದ್ದರು. ತೆರೆಯ ಮೇಲೆ ಪೆನ್ನಿನಲ್ಲಿ ಗೀಚಿದ ಕನ್ನಡವನ್ನು ಅಚ್ಚಿನ ಅಕ್ಷರವಾಗಿ ಬದಲಿಸುವುದು ಅವನ ವಿಭಾಗ. ಆ ಹೊಸ ಸೌಲಭ್ಯ ಇನ್ನೂ ಬಿಡುಗಡೆಯಾಗಿರಲಿಲ್ಲ. ಅದನ್ನು ಹೊರಗಿನವರ ಕಣ್ಣಿಗೆ ಬೀಳಿಸಿದವರನ್ನು ಕೆಲಸದಿಂದ ತೆಗೆಯುತ್ತೇವೆ ಎಂಬ ಕಾಗದಕ್ಕೆ ಅವನು ಸಹಿ ಹಾಕಿದ್ದ.

ಅಲಮೇಲುವಿಗೆ ಟ್ಯಾಬ್ಲೆಟ್ ಬೇಕಾಗಿದ್ದು ಬೇಸಿಗೆ ರಜೆಯ ಕನ್ನಡ ತರಗತಿಗೆ. ಮನೆಯ ಹಾಲಿನಲ್ಲೇ ಹನ್ನೊಂದು ಮಕ್ಕಳು. ಅವರಲ್ಲಿ ಸ್ವಂತ ಮಗಳು ಸಿರಿಯೂ ಒಬ್ಬಳು.

ಶನಿವಾರ ಸಂಜೆಯ ಹೊತ್ತಿಗೆ ಅನಂತಪದ್ಮನಾಭ ಒಂದು ಕೋಷ್ಟಕ ಸಿದ್ಧಪಡಿಸಿದ. ಇಪ್ಪತ್ಮೂರು ಕಾಲಮ್ಮು! ಬ್ಯಾಟರಿ, ತೂಕ, ತೆರೆಯ ಹೊಳಪು, ಬಿದ್ದರೆ ಒಡೆಯುವ ಸಂಭವ, ಒಂದನ್ನೂ ಬಿಟ್ಟಿರಲಿಲ್ಲ. ಐಪ್ಯಾಡು, ಆಂಡ್ರಾಯ್ಡು, ಹೆಮ್‌ಲಾಕು ಮೂರೂ ಕುಸ್ತಿಗೆ ಇಳಿದವು. ಗೆದ್ದದ್ದು ಹೆಮ್‌ಲಾಕು. 'ಕಂಪನಿ ನಿಷ್ಠೆ' ಎಂಬ ಕಾಲಮ್ಮಿಗೆ ಅವನು ನೂರು ಅಂಕ ಇಟ್ಟಿದ್ದ.

ಅಲಮೇಲು ಕೋಷ್ಟಕವನ್ನು ಪೂರ್ತಿ ಓದಿದಳು. "ಚೆನ್ನಾಗಿದೆ ರೀ. ಆದ್ರೆ ನಾನು ಪಾಠ ಬರೆಯೋ ಆಪ್ ಐಪ್ಯಾಡಲ್ಲಿದೆ. ಮಕ್ಕಳ ಮನೇಲೆಲ್ಲ ಐಪ್ಯಾಡೇ ಇದೆ. ನಿಮ್ಮದರಲ್ಲಿ ಆ ಆಪೇ ಇಲ್ಲ. ಮುಗೀತಲ್ಲ?"

"ಐಪ್ಯಾಡಾ! ಯಾರಾದ್ರೂ ನೋಡಿದ್ರೆ ನನ್ನ ಗತಿ ಏನೇ?"

ಅವನ ಹೆದರಿಕೆ ಸುಳ್ಳಿನದಲ್ಲ. ಹಿಂದಿನ ತಿಂಗಳಷ್ಟೇ ಹೆಮ್‌ಲಾಕಿನಲ್ಲಿ ಮೂವತ್ತು ಜನರನ್ನು ಮನೆಗೆ ಕಳಿಸಿದ್ದರು. ಅವನ ಎಡಕ್ಕಿದ್ದ ಕುರ್ಚಿ ಖಾಲಿ, ಬಲಕ್ಕಿದ್ದದ್ದೂ ಖಾಲಿ. ಹೊಸದಾಗಿ ಬಂದ ವೈಸ್ ಪ್ರೆಸಿಡೆಂಟ್ ಶೆರಿಲ್ ಕಾರಿಡಾರಿನಲ್ಲಿ ನಡೆದು ಬಂದರೆ ಸಾಕು, ಅವನು ತೆರೆಯಲ್ಲಿ ಮುಖ ಹುದುಗಿಸಿ ಕೀಲಿಮಣೆ ಕುಟ್ಟತೊಡಗುತ್ತಿದ್ದ. ಒಬ್ಬನ ಕೈಯಲ್ಲಿದ್ದ ಬೇರೆ ಕಂಪನಿಯ ವಾಚನ್ನು ನೋಡಿ ಆಕೆ "ಒಳ್ಳೇ ವಾಚು" ಎಂದಿದ್ದಳಂತೆ. ಮೂವತ್ತು ಜನರಲ್ಲಿ ಅವನೂ ಹೋದ. ವಾಚಿಗೂ ಅದಕ್ಕೂ ಸಂಬಂಧವಿತ್ತೋ ಇಲ್ಲವೋ, ಮಾರನೆಯ ದಿನದಿಂದ ಆಫೀಸಿನಲ್ಲಿ ಎಲ್ಲರ ಮಣಿಕಟ್ಟೂ ಬೋಳು!

ಕೊನೆಗೆ ಭಾನುವಾರ ಅವರು ಐಪ್ಯಾಡನ್ನೇ ಕೊಳ್ಳಲು ಹೋದರು. ಜುಲೈ ಬಿಸಿಲಿನಲ್ಲೂ ಅನಂತಪದ್ಮನಾಭನ ತಲೆಗೆ ಟೋಪಿ, ಮೂಗಿಗೆ ಮಾಸ್ಕು, ಕಣ್ಣಿಗೆ ಕಪ್ಪು ಕನ್ನಡಕ. ಮಾಲಿನೊಳಗೆ ಕಂಬದಿಂದ ಕಂಬಕ್ಕೆ ಮರೆಯಾಗುತ್ತ ನಡೆದ. ಸಿರಿ ತಾಳ್ಮೆಗೆಟ್ಟಳು.

"ಅಪ್ಪಾ, ಯು ಲುಕ್ ಲೈಕ್ ಎ ರಾಬರ್!"

"ಮೆತ್ತಗೆ ಮಾತಾಡೇ! ಹೆಸರು ಕೂಗ್ಬೇಡ!"

"ಐ ಸೆಡ್ ಅಪ್ಪಾ. ದಟ್ಸ್ ನಾಟ್ ಯುವರ್ ನೇಮ್."

ಪಾರ್ಕಿನಲ್ಲಿ ಕೂತೂ ಪಾಠ ಮಾಡಬಹುದೆಂದು ಅಲಮೇಲು ಸಿಮ್ ಇರುವ ಐಪ್ಯಾಡನ್ನೇ ಆರಿಸಿದಳು. ಅವಳಿಗೆ ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಅನಂತಪದ್ಮನಾಭ ಅಲ್ಲಿಗೂ ತನ್ನ ಜಾಣತನ ಬಿಡಲಿಲ್ಲ. ಆಫೀಸು ಕೊಟ್ಟ ಹೆಮ್‌ಲಾಕಿಗೆ ಇದ್ದಂಥದ್ದೇ ನೀಲಿ ಕವರನ್ನು ಹುಡುಕಿ ಐಪ್ಯಾಡಿಗೂ ತೊಡಿಸಿದ. ಸೇಬಿನ ಗುರುತು ಮಾಯ! ಮನೆಗೆ ಯಾರೇ ಬಂದರೂ ಇದು ಹೆಮ್‌ಲಾಕೇ ಅಂದುಕೊಳ್ಳಬೇಕು. ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, "ನೋಡು, ಬ್ರಹ್ಮ ಬಂದರೂ ಗುರುತು ಹಿಡಿಯೋಕಾಗಲ್ಲ!" ಎಂದು ಬೀಗಿದ.

ಬ್ರಹ್ಮ ಬರಲಿಲ್ಲ. ಮಂಗಳವಾರ ಬಂತು.

ಅಂದು ಹತ್ತು ಗಂಟೆಗೆ ಶೆರಿಲ್ ಎದುರು ಕನ್ನಡ ಬರವಣಿಗೆಯ ಪ್ರದರ್ಶನ. ಗುರುವಾರ ಬಿಡುಗಡೆ. ಅನಂತಪದ್ಮನಾಭ ಗಡಿಬಿಡಿಯಲ್ಲಿ ಕಾಫಿ ಕುಡಿದು, ನೀಲಿ ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, 405 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಇಂಚಿಂಚಾಗಿ ತೆವಳಿ ರೆಡ್ಮಂಡ್ ಸೇರಿದ. ಫೋನಿನ ಸದ್ದಡಗಿಸಿದ. ಸಭೆಯಲ್ಲಿ ಒಂಬತ್ತು ಜನ. ಮೇಜಿನ ತುದಿಯಲ್ಲಿ ಶೆರಿಲ್. "ಶುರು ಮಾಡು ಪ್ಯಾಡಿ" ಎಂದಳು.

ಅವನು ಗತ್ತಿನಿಂದ ಕವರನ್ನು ಎರಡು ಬೆರಳಷ್ಟು ಎತ್ತಿದ. ತೆರೆ ಬೆಳಗಿತು. ಅಲ್ಲಿ ಅಲಮೇಲು ಹಾಕಿಕೊಂಡಿದ್ದ ಮೇಲುಕೋಟೆ ಚೆಲುವನಾರಾಯಣನ ಚಿತ್ರ!

ಪಟ್ಟನೆ ಮುಚ್ಚಿದ. ಪೈಪೋಟಿ ಕಂಪನಿಯ ಯಂತ್ರ ತನ್ನ ಕಂಪನಿಯ ಸಭೆಯ ನಟ್ಟನಡುವೆ, ಅದೂ ತನ್ನ ಕೈಯಲ್ಲೇ! ಇಷ್ಟೇ ಆಗಿದ್ದರೆ ಹೇಗೋ ಬದುಕಬಹುದಿತ್ತು. ಮರುಕ್ಷಣವೇ ಇನ್ನೊಂದು ಯೋಚನೆ ಬಂದು ಎದೆಗೆ ಒದೆಯಿತು: ಇದು ಇಲ್ಲಿದ್ದರೆ, ಅದು ಎಲ್ಲಿದೆ? ಒಂಬತ್ತೂವರೆಗೇ ಅಲಮೇಲುವಿನ ತರಗತಿ ಶುರುವಾಗಿದೆ. ಹನ್ನೊಂದು ಮಕ್ಕಳ ಎದುರು ಬಿಡುಗಡೆಯಾಗದ ಗುಟ್ಟು! ಪಾಸ್‌ವರ್ಡು ಸಿರಿ ಹುಟ್ಟಿದ ದಿನ; ಅದು ಅಲಮೇಲುವಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ?

"ಬ್ಯಾಟರಿ... ಸತ್ತಿದೆ" ಎಂದ.

"ಚಾರ್ಜರ್ ಇದೆ, ತಗೋ."

"ಪೆನ್ನೂ ತಂದಿಲ್ಲ."

"ನನ್ನ ಪೆನ್ನಿದೆ."

"ನನಗೆ... ಸ್ವಲ್ಪ ಹೊಟ್ಟೆ ಸರಿಯಿಲ್ಲ."

"ಹೋಗಿ ಬಾ ಪ್ಯಾಡಿ. ಅದನ್ನು ಇಲ್ಲೇ ಇಟ್ಟು ಹೋಗು" ಎಂದಳು ಶೆರಿಲ್.

ಅವನು ಕವರನ್ನು ಎದೆಗವುಚಿಕೊಂಡು ಎದ್ದ. ಆಗ ಅವನ ಎದೆಯಿಂದಲೇ ಕರೆಗಂಟೆ ಮೊಳಗತೊಡಗಿತು! ಸತ್ತ ಬ್ಯಾಟರಿ ಜೀವ ಬಂದು ಹಾಡುತ್ತಿತ್ತು. ಒಂಬತ್ತು ಜನರೂ ಅವನನ್ನೇ ನೋಡಿದರು. ಶೆರಿಲ್ ಕೈ ಚಾಚಿದಳು. ಅವನು ಕೊಟ್ಟ. ಕೊಡದೆ ಇನ್ನೇನು ಮಾಡುತ್ತಾನೆ? ಆಕೆ ಕವರು ತೆರೆದು, ಸೇಬಿನ ಕಂಪನಿಯ ತೆರೆಯನ್ನು ಮೂರು ಸೆಕೆಂಡು ನಿಟ್ಟಿಸಿ, ಹಸಿರು ಗುಂಡಿ ಒತ್ತಿದಳು. ಫೋನಿನಿಂದ ವಿಡಿಯೋ ಕಾಲ್ ಮಾಡಿದ್ದ ಅಲಮೇಲುವಿನ ಮುಖ ಮೂಡಿತು. ಎದುರಿಗಿರುವುದು ಯಾರೆಂದು ನೋಡುವಷ್ಟು ವ್ಯವಧಾನ ಅವಳಿಗಿರಲಿಲ್ಲ.

"ರೀ! ನನ್ನ ಟ್ಯಾಬ್ಲೆಟ್ ತಗೊಂಡು ಹೋಗಿದೀರಾ? ಫೋನ್ ಯಾಕೆ ಎತ್ತಲ್ಲ? ನಿಮ್ಮ ಈ ದರಿದ್ರದ್ದು ಮಕ್ಕಳಿಗೆಲ್ಲ ಹುಲಿ ತಿನ್ನಿಸ್ತಾ ಇದೆ!"

ಹಿಂದಿನಿಂದ ಮಕ್ಕಳ ಕೇಕೆ. "ಟೈಗರ್! ಟೈಗರ್!"

"ಏನು ಹೇಳುತ್ತಿದ್ದಾರೆ?" ಶೆರಿಲ್ ಅನಂತಪದ್ಮನಾಭನ ಕಡೆ ತಿರುಗಿದಳು. ಅವನಿಗೆ ಆ ಗಳಿಗೆಯಲ್ಲಿ ಕನ್ನಡವೂ ಮರೆತಿತ್ತು, ಇಂಗ್ಲಿಷೂ ಮರೆತಿತ್ತು. ಆಕೆಯ ದನಿ ಕೇಳಿ ಅಲಮೇಲು ಬೆಚ್ಚಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ, ಮಕ್ಕಳಿಗೆ ಬಿಡಿಸಿ ಹೇಳುವಂತೆಯೇ, ಎಲ್ಲವನ್ನೂ ವಿವರಿಸಿದಳು.

ಕನ್ನಡದಲ್ಲಿ 'ಲ' ಬೇರೆ, 'ಳ' ಬೇರೆ. ಈ ಟ್ಯಾಬ್ಲೆಟ್ಟಿಗೆ 'ಳ' ಬರುವುದೇ ಇಲ್ಲ. ಅಮ್ಮ ಹುಳಿ ಮಾಡಿದಳು ಎಂದು ಬರೆದರೆ ಅಮ್ಮ ಹುಲಿ ಮಾಡುತ್ತಾಳೆ. ಅಜ್ಜಿಯ ಹಳ್ಳಿಗೆ ಹೋದೆ ಎಂದರೆ ಅಜ್ಜಿಯ ಹಲ್ಲಿಗೆ ಹೋಗುತ್ತದೆ. ಒಬ್ಬ ಹುಡುಗ ಬಾಳೆ ಸುಲಿದು ತಿಂದೆ ಎಂದು ಬರೆದ. ಅದು ಬಾಲೆಯನ್ನು ಸುಲಿದು ತಿನ್ನಿಸಿತು!

ಶೆರಿಲ್ ಮೆಲ್ಲಗೆ ಕೇಳಿದಳು: "ಪ್ಯಾಡಿ, ಕನ್ನಡ ಪೂರ್ತಿ ಪರೀಕ್ಷೆಯಾಗಿದೆ ಎಂದು ಸಹಿ ಹಾಕಿದವರು ಯಾರು?"

"ನಾನೇ."

"ಏನು ಬರೆದು ನೋಡಿದ್ದೆ?"

"ನನ್ನ ಹೆಸರು" ಎಂದ ಅವನು, ನೆಲ ನೋಡುತ್ತ. "ನಲವತ್ತು ಸಲ ಬರೆದೆ. ಅದರಲ್ಲಿ ಒತ್ತಕ್ಷರ ಇದೆ, ಮಹಾಪ್ರಾಣ ಇದೆ. ಅದನ್ನು ದಾಟಿದರೆ ಯಾವುದನ್ನಾದರೂ ದಾಟುತ್ತದೆ ಅಂದುಕೊಂಡೆ. 'ಳ' ಇಲ್ಲ ಅನ್ನುವುದು ಹೊಳೆಯಲಿಲ್ಲ."

ಶೆರಿಲ್ ಕಣ್ಣು ಮುಚ್ಚಿದಳು. ಅನಂತಪದ್ಮನಾಭ ಮನಸ್ಸಿನಲ್ಲೇ ತನ್ನ ಮೇಜಿನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದ. ಚಹಾದ ಲೋಟ, ಸಿರಿಯ ಫೋಟೋ, ಒಂದು ಕುಂಡ...

"ಗುರುವಾರದ ಬಿಡುಗಡೆ ರದ್ದು" ಎಂದಳು ಶೆರಿಲ್. "ಇದೇ ರೀತಿ ಹೊರಗೆ ಹೋಗಿದ್ದರೆ ನಾವೆಲ್ಲ ನಗೆಪಾಟಲಾಗುತ್ತಿದ್ದೆವು. ಮೇಡಂ, ನೀವು ಎರಡೂ ಟ್ಯಾಬ್ಲೆಟ್ ಬಳಸಿ ನೋಡಿದ್ದೀರಿ. ನಿಜ ಹೇಳಿ, ಯಾವುದು ಒಳ್ಳೆಯದು?"

ಅನಂತಪದ್ಮನಾಭ ತೆರೆಯ ಹಿಂದೆ ನಿಂತು ಎರಡೂ ಕೈ ಜೋಡಿಸಿ ಬೇಡಿಕೊಂಡ. ಅದು ಅಲಮೇಲುವಿಗೆ ಕಾಣುವಂತಿರಲಿಲ್ಲ.

"ಪಾಠಕ್ಕೆ ನಾನು ಕೊಂಡಿದ್ದೇ ಸರಿ" ಎಂದಳು ಅಲಮೇಲು. "ಆದ್ರೆ ನಿಮ್ಮದರಲ್ಲಿ ಪೆನ್ನು ಕಾಗದದ ಮೇಲೆ ಬರೆದ ಹಾಗೇ ಓಡುತ್ತೆ. ಅದಕ್ಕೆ ಅಕ್ಷರಾಭ್ಯಾಸ ಮಾಡಿಸಿದವರು ಸರಿಯಿಲ್ಲ, ಅಷ್ಟೇ."

ಅಂದು ಅನಂತಪದ್ಮನಾಭನ ಕೆಲಸ ಹೋಗಲಿಲ್ಲ. ಆದರೆ ಗುಟ್ಟು ಕಾಪಾಡುತ್ತೇವೆ ಎಂಬ ಕಾಗದ ಹಿಡಿದು ಲಿನ್‌ವುಡ್ಡಿನಿಂದ ಎವರೆಟ್ಟಿನವರೆಗೆ ಮನೆಮನೆ ಅಲೆದು, ಎಲ್ಲ ಮಕ್ಕಳ ತಂದೆತಾಯಿಯರ ಸಹಿ ತಂದ. ಹೋದ ಮನೆಯಲ್ಲೆಲ್ಲ, "ಬನ್ನಿ, ಹುಲಿ ಅನ್ನ ಊಟ ಮಾಡ್ಕೊಂಡು ಹೋಗಿ" ಎಂಬ ಉಪಚಾರ! ಇತ್ತ ಶೆರಿಲ್ ಅಲಮೇಲುವನ್ನೇ ಕನ್ನಡದ ಪರೀಕ್ಷಕಿಯಾಗಿ ನೇಮಿಸಿಕೊಂಡಳು. ಅವಳು ಮೊದಲ ವಾರದಲ್ಲೇ ನಲವತ್ತೊಂದು ತಪ್ಪು ಹಿಡಿದಳು. ಎಲ್ಲವನ್ನೂ ತಿದ್ದುವ ಜವಾಬ್ದಾರಿ ಅನಂತಪದ್ಮನಾಭನದು. ಅವನು 'ಸರಿಪಡಿಸಲಾಗಿದೆ' ಎಂದು ಕಳಿಸಿದರೆ ಅವಳು 'ಇಲ್ಲ' ಎಂದು ವಾಪಸು ಕಳಿಸುತ್ತಿದ್ದಳು. ಮನೆಯಲ್ಲಿ ಎದುರು ಕೂತು ಉಪ್ಪಿಟ್ಟು ತಿನ್ನುವಾಗಲೂ ಆ ವಿಷಯದಲ್ಲಿ ಮುಲಾಜಿಲ್ಲ.

ಅಕ್ಟೋಬರಿನಲ್ಲಿ ವರ್ಷದ ಮೌಲ್ಯಮಾಪನ ಬಂತು. ಶೆರಿಲ್ ಕೋಣೆಗೆ ಕರೆದಾಗ ಅನಂತಪದ್ಮನಾಭನಿಗೆ ಮತ್ತೆ ರಟ್ಟಿನ ಪೆಟ್ಟಿಗೆ ನೆನಪಾಯಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಅವಳ ಮುಂದೆ ಒಂದು ಹಾಳೆ.

"ನಿನ್ನ ಜೊತೆ ಹೆಚ್ಚು ಕೆಲಸ ಮಾಡಿದವರ ಅಭಿಪ್ರಾಯ ತರಿಸಿದ್ದೇನೆ ಪ್ಯಾಡಿ. ಅಲಮೇಲು ಬರೆದಿದ್ದಾರೆ: 'ಒಳ್ಳೆಯ ಮನುಷ್ಯ, ಕಷ್ಟಪಟ್ಟು ದುಡಿಯುತ್ತಾರೆ. ಆದರೆ ಯಾವ ಮಾತನ್ನೂ ಒಂದೇ ಸಲಕ್ಕೆ ಕೇಳಿಸಿಕೊಳ್ಳುವುದಿಲ್ಲ.' ಇದು ನಿಜವೇ?"

ಅನಂತಪದ್ಮನಾಭ ಬೆವರೊರೆಸಿಕೊಂಡು, ಕುರ್ಚಿಯ ಅಂಚಿಗೆ ಜರುಗಿ, ಬಹಳ ವಿನಯದಿಂದ ಕೇಳಿದ:

"ಕ್ಷಮಿಸಿ, ಏನಂದಿರಿ?"