ದಶರಥನ ಹೇನಿನ ಸಂಸಾರ

ಅಪ್ಪ ಇಲ್ಲ, ಅವ್ವ ಅದಾಳ. ಅವ್ವನ ಹೊಟ್ಟ್ಯಾಗ ಮಗಳು, ಆ ಮಗಳ ಹೊಟ್ಟ್ಯಾಗ ಆಗಲೇ ಮೊಮ್ಮಗಳು. ಹೀರೂದು ಕಹಿ, ಬಿಡೂದು ಸಿಹಿ. ಯಾರಕಿ? ಹೇಳ್ರಿ ನೋಡೂಣು.

ಹೇಳಾಕ ಬರೂದಿಲ್ಲ ಬಿಡ್ರಿ. ವಿಜಾಪುರದ ಸಾಹೇಬರಿಗೇ ಭೂತಗನ್ನಡಿ ಹಿಡಿದು ಒಂದು ಕಿಟ್ಲಿ ಚಹಾ ಖಾಲಿ ಮಾಡಿದ ಮೇಲೆ ಗೊತ್ತಾಯಿತು. ಅಕಿ ಎಲಿ ಹೇನು.

ಸನ್ ೧೯೬೯ನೇ ಇಸವಿಯಲ್ಲಿ ತಿಕೋಟಾದ ಸೀತವ್ವನ ತೋಟಕ್ಕೆ ಹೇನು ಬಿದ್ದ ಸಂಗತಿಯನ್ನು ಸರ್ವರ ಮಾಹಿತಿಗಾಗಿ ಈ ಮೂಲಕ ತಿಳಿಯಪಡಿಸಲಾಗಿದೆ. ತೋಟದಲ್ಲಿದ್ದದ್ದು ಲೆಟ್ಟೂಸ ಎಂಬ ಪರದೇಶದ ತಪ್ಪಲ. ಗೋಳಗುಮ್ಮಟ ನೋಡಲು ಬರುವ ಬಿಳಿ ಮಂದಿ ಇದನ್ನು ಬೇಯಿಸದೆ ತಿನ್ನುತ್ತಾರೆಂದು ವಿಜಾಪುರದ ಒಂದು ಹೋಟೆಲಿನವರು ಬೀಜ ಕೊಟ್ಟಿದ್ದರು. ಸೀತವ್ವ ರೊಟ್ಟಿ ಜೋಡಿ ತಿಂದು ನೋಡಿ, "ನಮ್ಮ ಹತ್ತರಕಿ ಪಲ್ಲೆನ ಇದು. ಮೈ ಉಬ್ಬೇದ ಅಷ್ಟ" ಎಂದು ತೀರ್ಪು ಕೊಟ್ಟಿದ್ದಳು.

ಹೇನು ನಿವಾರಣಾ ಕಚೇರಿಯಲ್ಲಿ ಔಷಧ ಹೊಡೆಯುವ ದಶರಥನಿಗೂ ಸೀತವ್ವನ ಮಗಳು ರುಕ್ಮವ್ವನಿಗೂ ಲಗ್ನ ಗೊತ್ತಾಗಿತ್ತು. ಸೀತವ್ವ ಒಂದು ಷರತ್ತು ಹಾಕಿದಳು.

"ಸರಕಾರದ ಪಂಪ ಬೆನ್ನಿಗೆ ಕಟಗೊಂಡು ಅಡ್ಡಾಡ್ತಿ. ನನ್ನ ತ್ವಾಟದ ಹೇನು ಓಡಸಲಾರದಾಂವಗ ಮಗಳನ್ನ ಹೆಂಗ ಕೊಡ್ಲಿ? ಮೊದಲ ಹೇನು ಹೋಗ್ಲಿ, ಆಮ್ಯಾಲ ಲಗ್ನದ ಅಕ್ಕಿಕಾಳು."

ದಶರಥ ಪಂಪು ಹೊತ್ತು ಓಡಿ ಬಂದ. ಹಿಂದೆಯೇ ಜೀಪಿನಲ್ಲಿ ಅವನ ಕಚೇರಿಯ ಬಸಗೊಂಡಪ್ಪ ಸಾಹೇಬರು ಬಂದು ಕೈ ಅಡ್ಡ ಹಿಡಿದರು.

"ಯಾವುದೇ ಕುಟುಂಬವನ್ನು ಒಕ್ಕಲೆಬ್ಬಿಸುವ ಮೊದಲು ಅದರ ಯಜಮಾನನಿಗೆ ನೋಟೀಸು ಕೊಡತಕ್ಕದ್ದು. ಇವುಗಳ ಯಜಮಾನ ಯಾರು?"

ಸಾಹೇಬರು ಎಲೆ ಮಗುಚಿ ಮಗುಚಿ ನೋಡಿದರು. ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ, ತತ್ತಿಯನ್ನೂ ಇಡದೆ, ನಿಂತಲ್ಲೇ ಜೀವಂತ ಮರಿ ಹಾಕುತ್ತಿದ್ದವು. ವಾರ ಕಳೆದರೆ ಆ ಮರಿಯೂ ಬಾಣಂತಿ. ಎಲೆ ಇಕ್ಕಟ್ಟಾದರೆ ಕೆಲವಕ್ಕೆ ರೆಕ್ಕೆ ಮೂಡಿ, ಬಬಲೇಶ್ವರಕ್ಕೆ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದವು. ಅವು ಬಿಟ್ಟ ಸಿಹಿ ಅಂಟನ್ನು ಇರುವೆಗಳು ನೆಕ್ಕಿ, ಅದರ ಋಣಕ್ಕೆ ಕಾವಲು ಕಾಯುತ್ತಿದ್ದವು.

"ಥೇಟ್ ನಮ್ಮ ಕಚೇರಿ ಪದ್ಧತಿ," ಎಂದು ಸಾಹೇಬರು ಮೆಚ್ಚಿದರು. ಆದರೆ ಯಜಮಾನ ಸಿಗಲಿಲ್ಲ.

"ಸಾಹೇಬ್ರ, ಸಾಬಾಣ ನೀರು ಹೊಡದು ನಾನ ತೊಳಿತೀನಿ ಬಿಡ್ರಿ," ಅಂದಳು ರುಕ್ಮವ್ವ.

"ಅವುಕ್ಕ ನೀ ಏನಾಗಬೇಕವಾ? ಮಂದಿ ಮಕ್ಕಳ ಮೈಗೆ ಕೈ ಹಚ್ಚಿದರ ಕೇಸ ಆಗ್ತದ."

ಲಗ್ನದ ಅವಸರದಲ್ಲಿದ್ದ ದಶರಥ ಎದೆ ಉಬ್ಬಿಸಿ ಮುಂದೆ ಬಂದ. "ನಾನ ಯಜಮಾನ ಅಂತ ಬರಕೋರಿ. ನೋಟೀಸ ಇತ್ತಾಗ ಕೊಡ್ರಿ."

ಸಾಹೇಬರು ಬರೆದುಕೊಂಡು ಅವನ ಕೈ ಕುಲುಕಿದರು. "ಇಷ್ಟು ಮಕ್ಕಳ ತಂದಿ ಅಂದಮ್ಯಾಲ ನಿನಗ ಹೆಂಡತಿ ಇರಾಕಬೇಕು. ಹೆಂಡತಿ ಜೀವಂತ ಇರುವಾಗ ಸರಕಾರಿ ನೌಕರನು ಇನ್ನೊಂದು ಲಗ್ನ ಆಗತಕ್ಕದ್ದಲ್ಲ."

ಎಲ್ಲಕ್ಕಿಂತ ದಪ್ಪನೆಯ ಹೇನೊಂದನ್ನು ದಶರಥನ ಧರ್ಮಪತ್ನಿ ಎಂದು ಅಲ್ಲಿಯೇ ಗುರುತಿಸಲಾಯಿತು. ಸುದ್ದಿ ಹತ್ತಿ ಕುಟುಂಬ ಯೋಜನೆಯವರ ವ್ಯಾನೂ ಬಂತು. ಇಷ್ಟು ಮಕ್ಕಳ ತಂದೆಯನ್ನು ಅವರು ಬಿಡುವುದುಂಟೆ? ದಶರಥ ಬಾವಿಯೊಳಗೆ ಇಳಿದು ಕೂತ.

"ಯಪ್ಪಾ, ಅಳಿಯ ಆಗು ಅಂದ್ರ ಮಗಳಿಗೆ ಸವತಿನ್ನ ತಂದೆಲ್ಲೋ!" ಸೀತವ್ವ ಬಾವಿಗೆ ಬಗ್ಗಿ ಬೈದಳು.

"ನನಗೇನ ಗೊತ್ತ ಅತ್ತಿ, ಅಕಿ ಮುಖಾನೂ ನೋಡಿಲ್ಲ ನಾ," ಬಾವಿಯಿಂದ ಉತ್ತರ ಬಂತು.

ರುಕ್ಮವ್ವ ಕುಸುಬಿ ಹೊಲಕ್ಕೆ ಹೋಗಿ ಮುಷ್ಟಿಯಲ್ಲಿ ಒಂದು ಗುಲಗಂಜಿ ಹುಳ ತಂದಳು. ಕೆಂಪು ಮೈ, ಕರಿ ಚುಕ್ಕಿ. ಹೇನೆಂದರೆ ಅದಕ್ಕೆ ಹೋಳಿಗೆ. ಸವತಿಯ ಎಲೆಯ ಮೇಲೆ ಬಿಟ್ಟಳು. ಧರ್ಮಪತ್ನಿಯವರು ಸಾಹೇಬರ ಸಮಕ್ಷಮ ದೈವಾಧೀನರಾದರು.

ಸಾಹೇಬರು ಟೊಪ್ಪಿಗೆ ತೆಗೆದು ಮೌನ ಆಚರಿಸಿ, ವಿಧುರ ದಶರಥನ ಮರುಲಗ್ನಕ್ಕೆ ಪರವಾನಿಗೆ ಕೊಟ್ಟರು.

"ಹೇನು ಇನ್ನೂ ಅದಾವಲ್ಲ!" ಅಂದಳು ಸೀತವ್ವ.

"ಯವ್ವಾ, ನೀ ಮೊದಲ ಅಕ್ಕಿಕಾಳು ಹಾಕ. ಮಲತಾಯಿ ಆದಮ್ಯಾಲ ಮಕ್ಕಳಿಗೆ ಜಳಕ ಮಾಡಸಾಕ ಯಾರ ನೋಟೀಸ ಬೇಕು?" ಅಂದಳು ರುಕ್ಮವ್ವ.

ಸಾಹೇಬರು ನಿಯಮಗಳನ್ನೆಲ್ಲ ನೆನೆಸಿ ನೋಡಿದರು. ತಾಯಿ ಜಳಕ ಮಾಡಿಸುವುದಕ್ಕೆ ಅಡ್ಡಿ ಇರಲಿಲ್ಲ. ಲಗ್ನವಾಯಿತು. ಮದುಮಗಳು ಅರಿಷಿಣದ ಕೈಯಲ್ಲೇ ಪಂಪು ಹಿಡಿದು, ಎಲೆಯ ಬೆನ್ನಿಗೆಲ್ಲ ಸಾಬಾಣ ನೀರು ಹೊಡೆದಳು. ಜಳಕ ಕಡುಜೋರಾಗಿ ಮಕ್ಕಳೆಲ್ಲ ತೀರಿಕೊಂಡರು. ಇರುವೆಗಳು ಬೇರೆ ಕಚೇರಿ ಹುಡುಕಿಕೊಂಡು ಹೋದವು. ಸತ್ತ ಮಗುವಿಗೆ ಒಂದು ದಿನದಂತೆ ದಶರಥನಿಗೆ ಪಗಾರಸಹಿತ ದುಃಖದ ರಜೆ ಮಂಜೂರಾಯಿತು. ಅವನು ಇನ್ನೂ ರಜೆಯಲ್ಲಿದ್ದಾನೆ. ಅವನ ಮಕ್ಕಳ, ಮೊಮ್ಮಕ್ಕಳ ಕಾಲಕ್ಕೂ ಅದು ಮುಗಿಯುವುದಿಲ್ಲ.

ಈ ರಜೆ ನಾನ ಕಟ್ಟಿ ಹೇಳಿದ್ದರಿ. ಲಗ್ನಕ್ಕ ಮುಗಿಸಿದ್ರ ಕಥಿ ಸಪ್ಪಗ ಅನಿಸಿತು, ಅದಕ್ಕ ಹಚ್ಚಿದೆ. ಆದರ ತಿಕೋಟಾ ಸಂತ್ಯಾಗ ಇದನ್ನ ಹೇಳಿದ ಮರುದಿನ ಕಚೇರಿ ಮುಂದ ನೌಕರರ ಪಾಳಿ ನಿಂತಿತ್ತು. ಒಬ್ಬೊಬ್ಬರ ಕೈಯಾಗ ಹೇನು ಹತ್ತಿದ ಒಂದೊಂದು ಎಲಿ. ಎಲ್ಲರಿಗೂ ತಂದಿ ಆಗಬೇಕಾಗಿತ್ತು. ಪಾಳ್ಯಾಗ ಎಲ್ಲರಿಗಿಂತ ಮುಂದ ಬಸಗೊಂಡಪ್ಪ ಸಾಹೇಬರು.

ಸಾಹೇಬರು ಮುಂದಿದ್ದರು ಅನ್ನೂದೂ ಸುಳ್ಳ ಬಿಡ್ರಿ. ಎರಡನೇದವರಿದ್ದರು.